ಮಧುಗಿರಿ ಸೀಮೆಯ ದಾರಿಗಳೂ ಅವುಗಳ ವೆಚ್ಚವೂ

ಮೈಸೂರು ಸೀಮೆಯ ಚರಿತ್ರೆಯನ್ನು ಬರೆದ ವಿದ್ವಾಂಸರು ಅರಸರ ವಂಶಾವಳಿಗಳನ್ನೂ ಕೋಟೆಗಳ ಮುತ್ತಿಗೆಗಳನ್ನೂ ದಾನಶಾಸನಗಳನ್ನೂ ವಿಸ್ತಾರವಾಗಿ ವಿಚಾರಮಾಡಿರುವರು. ಆ ಅರಸರ ದಂಡು ನಡೆದ ದಾರಿ ಯಾವುದು, ಅದನ್ನು ಹಸನುಮಾಡಿಸಿದವರು ಯಾರು, ಅದಕ್ಕೆ ತಗುಲಿದ ಹಣವು ಯಾರ ಗಂಟಿನಿಂದ ಹೊರಟಿತು ಎಂಬ ವಿಷಯದಲ್ಲಿ ಮಾತ್ರ ಅಷ್ಟು ಶ್ರಮ ನಡೆದಂತೆ ಕಾಣುವುದಿಲ್ಲ. ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿ ಒಂದೇ ಉಪವಿಭಾಗಕ್ಕೆ ಸೇರಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಚಾರವನ್ನು ಕೊಂಚಮಟ್ಟಿಗೆ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಈ ಸೀಮೆಗೆ ಒಳ್ಳೆಯ ದಾರಿಗಳು ತಡವಾಗಿ ಬಂದುದಕ್ಕೂ, ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಬಂಡಿಯು ಬಾರದೆ ಹೋದುದಕ್ಕೂ ಅಲ್ಲಿಯ ಕಲ್ಲುಬೆಟ್ಟಗಳೇ ಕಾರಣವೆಂದು ಹೇಳುವ ವಾಡಿಕೆಯುಂಟು. ಈ ಅಭಿಪ್ರಾಯವು ಒಪ್ಪತಕ್ಕದ್ದೆಂದು ನನಗೆ ತೋರುವುದಿಲ್ಲ. ಮಧುಗಿರಿ, ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡ, ನಿಡುಗಲ್ಲು ಇವೆಲ್ಲವೂ ಒಂಟಿಯಾಗಿ ಎದ್ದುನಿಂತ ಬಂಡೆಗಳು. ಒಂದಕ್ಕೂ ಮತ್ತೊಂದಕ್ಕೂ ನಡುವೆ ಬಂಡಿಯು ಸುಖವಾಗಿ ಹೋಗಬಹುದಾದ ಬಯಲು ಹರಡಿಕೊಂಡಿದೆ. ಜಯಮಂಗಲಿ, ಸುವರ್ಣಮುಖಿ ನದಿಗಳು ವರ್ಷದ ಬಹುಭಾಗ ಮರಳಿನ ಹಾಸಿಗೆಗಳಾಗಿಯೇ ಇರುತ್ತವೆ. ಆ ಮರಳಿನಲ್ಲಿ ಎತ್ತುಗಳಿಗೆ ಆಯಾಸವಾಗುವುದು ನಿಜ. ಆದರೆ ಅದೇ ಮರಳಿನ ಕೃಪೆಯಿಂದ ತಲಪರಿಗೆಗಳು ಉಕ್ಕಿ ಈ ಒಣನಾಡಿಗೆ ಗದ್ದೆಯ ಮುಖವನ್ನು ತೋರಿಸಿದವು ಎಂಬುದನ್ನೂ ಹೇಳಬೇಕು. ಆಗುಂಬೆ, ಚಾರ್ಮಾಡಿಗಳಂಥ ಕಡಿದಾದ ಘಟ್ಟಗಳಲ್ಲಿಯೇ ದಾರಿ ಕಡಿಸಿದವರಿಗೆ ಮಧುಗಿರಿಯ ಬಯಲು ಅಡ್ಡಿಯಾಯಿತೆಂದರೆ ಯುಕ್ತಿಗೆ ಹೊಂದದು. ಅಡ್ಡಿಯಾದುದು ಬೇರೊಂದು. ದಾರಿಗೆ ಬೇಕಾದ ಹಣವನ್ನು ಕೂಡಿಸುವ ಮತ್ತು ಹಂಚುವ ಮೇರೆಗಳು ಒಂದು ರೀತಿಯಾಗಿಯೂ, ಜನರೂ ಸರಕೂ ನಡೆಯುವ ಮೇರೆಗಳು ಮತ್ತೊಂದು ರೀತಿಯಾಗಿಯೂ ಇದ್ದುದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಅದನ್ನು ಸ್ಥಾಪಿಸಲು ಸ್ವಲ್ಪ ಹಿಂದಿನಿಂದ ಪ್ರಾರಂಭಿಸಬೇಕಾಗಿದೆ.

ನಮ್ಮ ಶಾಸನಗಳಲ್ಲಿ ‘ಪೆರ್ಬಟ್ಟೆ’ ಎಂಬ ಮಾತು ಬರುವುದನ್ನು ವಾಚಕರು ಬಲ್ಲರು. ದತ್ತಿಯ ಭೂಮಿಗೆ ಚತುಸ್ಸೀಮೆ ಹೇಳುವಾಗ ಮೂಡಲು ಕೆರೆ, ತೆಂಕಲು ಹುತ್ತ, ಪಡುವಲು ಪೆರ್ಬಟ್ಟೆ ಎಂಬ ರೀತಿಯಲ್ಲಿ ಅದು ಕಾಣಿಸಿಕೊಳ್ಳುವುದು. ಅಂದರೆ ದಾರಿಯೇ ಎಲ್ಲೆ. ದಾರಿಯು ಮೊದಲು, ಎಲ್ಲೆಯು ಅದನ್ನು ಅನುಸರಿಸಿ ಬಂದದ್ದು. ಇನ್ನು ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳು ದಾರಿಯ ಮೇಲೆ ನಡೆಯುವ ಹೇರುಗಳಿಂದ ಹುಟ್ಟಿದವು. ಈ ಸುಂಕಗಳನ್ನು ದೇವರ ನಂದಾದೀವಿಗೆಗೂ ಕೆರೆಗೂ ಬಿಟ್ಟ ಶಾಸನಗಳು ಬೇಕಾದಷ್ಟು ಸಿಕ್ಕುತ್ತವೆ. ದಾರಿಯ ದುರಸ್ತಿಗೇ ಬಿಟ್ಟವು ವಿರಳ. ತುಮಕೂರು ಜಿಲ್ಲೆಯ ಶಾಸನಗಳು ೧೯೦೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಪ್ರಕಟವಾದವು; ಈ ದೃಷ್ಟಿಯಿಂದ ಅದನ್ನು ಮತ್ತೊಮ್ಮೆ ಓದುವುದು ವ್ಯರ್ಥವಾಗಲಾರದು.

ಸಂಸ್ಕೃತ ಗ್ರಂಥಗಳಲ್ಲಿ ಅರ್ಥಶಾಸ್ತ್ರವು ಈ ವಿಷಯವನ್ನು ಮರೆತಿಲ್ಲ. ರಾಜಮಾರ್ಗಕ್ಕೂ ಗ್ರಾಮಪಥಕ್ಕೂ ಇಷ್ಟಿಷ್ಟು ದಂಡಗಳ ಅಗಲವಿರಬೇಕೆಂದು ವಿಧಿಸಿರುವುದಲ್ಲದೆ, ಕಾಲುದಾರಿಗಿಂತ ಬಂಡಿದಾರಿಯು ಮೇಲೆಂದೂ, ಅದು ದೊಡ್ಡ ವ್ಯಾಪಾರವನ್ನು ಹೊರಬಲ್ಲುದೆಂದೂ ಕೌಟಿಲ್ಯನು ಹೇಳುವನು. ಇದಕ್ಕಿಂತ ನಮಗೆ ಉಪಯುಕ್ತವಾದ ವಿಧಿ ಮತ್ತೊಂದಿದೆ. ಊರಿನವರು ಕೂಡಿ ಕೈಕೊಂಡ ಸೇತುಬಂಧದಿಂದ ಯಾವನಾದರೂ ಹಿಂದೆಗೆದರೆ, ಅವನ ಆಳುಗಳೂ ಎತ್ತುಗಳೂ ಕೆಲಸಕ್ಕೆ ಬರತಕ್ಕದ್ದು. ವೆಚ್ಚದಲ್ಲಿ ಅವನಿಗೆ ಪಾಲುಂಟು, ಫಲದಲ್ಲಿ ಪಾಲಿಲ್ಲ. ಶಾಸ್ತ್ರವು ಇದನ್ನು ಹಿಂದೆಗೆದವನಿಗೆ ದಂಡನೆಯಾಗಿ ಹೇಳಿತು. ಹಿಂದೆಗೆಯದೆ ವೆಚ್ಚವನ್ನು ಕೊಟ್ಟೂ ಫಲವನ್ನು ಕಾಣದವರ ಪ್ರಸ್ತಾಪವು ಮುಂದೆ ಬರುವುದು.

ನೊಳಂಬರ ಕಾಲದಲ್ಲಿ ಈ ಪ್ರದೇಶವು ಒಂದೇ ರಾಜ್ಯದ ಒಡಲಾಗಿತ್ತು. ಅವರ ರಾಜಧಾನಿಯಾದ ಹೆಂಜೇರು, ಎಂದರೆ ಈಗಿನ ಹೇಮಾವತಿ, ಇಂದು ಆಂಧ್ರಪ್ರದೇಶದೊಳಗೆ ಶಿರಾ ಪಾವಗಡಗಳ ನಡುವೆ ಬಿದ್ದಿದೆ. ಮುಂದೆ ೧೬೮೭ರಲ್ಲಿ ಮೊಗಲರು ಶಿರೆಯನ್ನು ತಮ್ಮ ಸುಬಾದ ಮುಖ್ಯಸ್ಥಳವನ್ನಾಗಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅದಕ್ಕೆ ಒಳಪಟ್ಟಿದ್ದವು. ಈ ಏಳು ಹೆಸರುಗಳನ್ನು ಭೂಪಟದ ಮೇಲೆ ಗುರುತಿಸಿ ನೋಡಿದರೆ, ಶಿರೆಯಿಂದ ಮೂಡಲಿಗೆ ಪೆನುಕೊಂಡಕ್ಕೂ ಆಗ್ನೇಯಕ್ಕೆ ದೊಡ್ಡಬಳ್ಳಾಪುರಕ್ಕೂ ಹೋಗುವ ದಾರಿಗಳು ಈ ಸುಬಾದ ನರಗಳಂತಿದ್ದುವೆಂಬುದು ಗೊತ್ತಾಗುವುದು. ಮಧುಗಿರಿಯು ಆ ವೇಳೆಗೆ ಮೈಸೂರು ಅರಸರ ವಶವಾಗಿತ್ತು. ಚಿಕ್ಕದೇವರಾಜ ಒಡೆಯರು ೧೬೭೮ರಲ್ಲಿಯೇ ಅದನ್ನು ಗೆದ್ದಿದ್ದರು. ೧೮೦೦ರಲ್ಲಿ ಬುಕಾನನ್ ಎಂಬ ಸ್ಕಾಟಿಷ್ ವೈದ್ಯನು ದೊಡ್ಡಬಳ್ಳಾಪುರದಿಂದ ಮಧುಗಿರಿಯ ಮೇಲೆ ಶಿರೆಗೆ ಬಂದದ್ದೂ ಈ ಹಳೆಯ ಹೆದ್ದಾರಿಯಲ್ಲಿಯೇ.

ಟೀಪೂ ಸುಲ್ತಾನನ ಪತನವಾದ ಮೇಲೆ ಈ ನರಗಳು ಕತ್ತರಿಸಲ್ಪಟ್ಟವು. ಪೆನುಕೊಂಡ, ಮಡಕಶಿರಾ ಮೊದಲಾದ ಭಾಗಗಳು ನಿಜಾಮನ ಪಾಲಿಗೆ ಹೋಗಿ, ೧೮೦೦ರಲ್ಲಿ ಅವನಿಂದ ಕಂಪೆನಿಯವರಿಗೆ ಬಿಟ್ಟುಕೊಡಲ್ಪಟ್ಟು, ಮದರಾಸು ಆಧಿಪತ್ಯಕ್ಕೆ ಸೇರಿದವು. ಮಧುಗಿರಿ, ಶಿರಾ, ಪಾವಗಡಗಳು ಮೈಸೂರು ಸಂಸ್ಥಾನದಲ್ಲಿ ಉಳಿದವು. ಇದರಿಂದ ಪಾವಗಡಕ್ಕೆ ಒಂದು ವಿಚಿತ್ರ ಸ್ಥಿತಿಯುಂಟಾಯಿತು. ಅದರ ಬಹುಪಾಲು ಸುತ್ತಲೂ ಮದರಾಸಿನ ಭೂಮಿ. ಸಂಸ್ಥಾನದ ನೆಲಕ್ಕೆ ಅದು ಅಂಟಿಕೊಂಡಿದ್ದುದು ಪಡುವಲ ಅಂಚಿನಲ್ಲಿ ಚಿತ್ರದುರ್ಗದ ಕಡೆಗೆ ಮಾತ್ರ. ಮಧುಗಿರಿಯಿಂದ ನೇರವಾಗಿ ಪಾವಗಡಕ್ಕೆ ಹೋಗಬೇಕಾದವನು ಮಡಕಶಿರೆಯ ಸೀಮೆಯನ್ನು ತುಳಿದೇ ಹೋಗಬೇಕಾಯಿತು. ಅದು ಮೊದಲು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿದ್ದುದು ಸಹಜವೇ. ಆದರೆ ೧೮೮೨ರಲ್ಲಿ ವೆಚ್ಚ ಕಡಮೆಮಾಡುವುದಕ್ಕಾಗಿ ಚಿತ್ರದುರ್ಗ ಜಿಲ್ಲೆಯನ್ನು ಮುರಿದು ಬಹುಭಾಗವನ್ನು ತುಮಕೂರಿಗೆ ಸೇರಿಸಿದರು. ೧೮೮೬ರಲ್ಲಿ ಆ ಜಿಲ್ಲೆಯನ್ನು ಮರಳಿ ಕಟ್ಟಿದಾಗ ಪಾವಗಡವು ತುಮಕೂರಿನಲ್ಲಿಯೇ ನಿಂತಿತು. ಹೀಗೆ ನೆಲದಿಂದ ಚಿತ್ರದುರ್ಗಕ್ಕೆ ಅಂಟಿದ ತಾಲ್ಲೂಕು ಲೆಕ್ಕದಿಂದ ತುಮಕೂರಿನದಾಯಿತು. ದಾರಿಯ ಹಣದ ಇತಿಹಾಸದಲ್ಲಿ ಈ ಸಂಗತಿಯು ಸಣ್ಣದಲ್ಲವೆಂಬುದು ಮುಂದೆ ಸ್ಪಷ್ಟವಾಗುವುದು.

ಕಮಿಷನರ್ ಮಾರ್ಕ್ ಕಬ್ಬನ್ನನ ಆಳಿಕೆಯಲ್ಲಿ (೧೮೩೪-೧೮೬೧) ಸಂಸ್ಥಾನದಲ್ಲಿ ಸುಮಾರು ೧,೬೦೦ ಮೈಲಿ ರಸ್ತೆಗಳೂ ಮುನ್ನೂರಕ್ಕೆ ಮಿಕ್ಕ ಸೇತುವೆಗಳೂ ಆದವು. ಮರಾಮತ್ತು ಇಲಾಖೆಯು ಪ್ರತ್ಯೇಕವಾಗಿ ಏರ್ಪಟ್ಟುದು ೧೮೫೬ರಲ್ಲಿ. ಆ ಕಾಲದ ರಸ್ತೆಗಳು ಬೆಂಗಳೂರಿನಿಂದ ಹೊರಟು ಸಂಸ್ಥಾನದ ಗಡಿಗಳಿಗೆ ಹೋಗುವ ದೊಡ್ಡ ದಾರಿಗಳು. ತುಮಕೂರು, ಶಿರಾ, ಹಿರಿಯೂರುಗಳ ಮೇಲೆ ಚಿತ್ರದುರ್ಗಕ್ಕೆ ಹೋಗುವ ದಾರಿಯು ಇಂಥದು. ಇವುಗಳ ವೆಚ್ಚವನ್ನು ಸಂಸ್ಥಾನದ ಬೊಕ್ಕಸವೇ ಹೊತ್ತಿತು. ಇವುಗಳಿಂದ ಎರಡು ಪಕ್ಕಕ್ಕೂ ಕವಲೊಡೆಯುವ ದಾರಿಗಳಿಗೆ ಹಣವೆಲ್ಲಿಂದ ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದುದು ಲೋಕಲ್ ಫಂಡ್.

ಈ ಲೋಕಲ್ ಫಂಡಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಏಕೆಂದರೆ ನಮ್ಮ ಸೀಮೆಯ ದಾರಿಗಳ ಜಾತಕವು ಇಲ್ಲಿಯೇ ಬರೆಯಲ್ಪಟ್ಟಿತು. ೧೮೬೨ರಿಂದ ಜಿಲ್ಲೆಗೊಂದು ಸ್ಥಳೀಯ ನಿಧಿಯು ಏರ್ಪಟ್ಟಿತು. ೧೮೭೪ರಲ್ಲಿ ಅದನ್ನು ನೋಡಿಕೊಳ್ಳುವುದಕ್ಕೆ ಡೆಪ್ಯುಟಿ ಕಮಿಷನರು ಅಧ್ಯಕ್ಷನಾಗಿರುವ ಜಿಲ್ಲಾ ಸಮಿತಿಗಳು ನೇಮಕವಾದವು. ಈ ನಿಧಿಯ ಮೂಲಾಧಾರವು ಭೂಕಂದಾಯದ ರೂಪಾಯಿಗೆ ಒಂದಾಣೆಯ ಸೆಸ್ಸು. ಆ ಆಣೆಯಲ್ಲಿ ನೂರಕ್ಕೆ ೨೪ ಪಾಲನ್ನು ಹಳ್ಳಿಯ ಶಾಲೆಗಳಿಗೆಂದು ತೆಗೆದಿಟ್ಟು, ಉಳಿದುದನ್ನು ದಾರಿ ಮೊದಲಾದ ಲೋಕೋಪಯೋಗದ ಕೆಲಸಗಳಿಗೆ ಬಿಟ್ಟರು. ನಮ್ಮ ಶಾಸನಗಳನ್ನು ಕೂಡಿಸಿಕೊಟ್ಟ ರೈಸ್ ಸಾಹೇಬನೇ ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನೂ ಹೂಡಿದವನು. ಉಪಾಧ್ಯಾಯವೃತ್ತಿಯಲ್ಲಿರುವ ನಮ್ಮ ವಾಚಕರಿಗೆ, ಹಳ್ಳಿಯ ಶಾಲೆಯೂ ಹಳ್ಳಿಯ ರಸ್ತೆಯೂ ಒಂದೇ ಆಣೆಯನ್ನು ಹಂಚಿಕೊಂಡ ದಾಯಾದಿಗಳೆಂಬ ಈ ಸಂಗತಿಯು ಕುತೂಹಲವನ್ನುಂಟುಮಾಡೀತು. ಹತ್ತು ರೂಪಾಯಿ ಕಂದಾಯ ಕೊಡುವ ರೈತನು ಹತ್ತಾಣೆ ಸೆಸ್ಸು ಕೊಡುವನು. ಅದರಲ್ಲಿ ಹೆಚ್ಚುಕಡಮೆ ಎರಡಾಣೆ ಐದು ಪೈ ಶಾಲೆಗೆ. ಏಳಾಣೆ ಏಳು ಪೈ ದಾರಿಗೆ.

ಈ ಲೆಕ್ಕದಲ್ಲಿ ನ್ಯಾಯವೇ ಎದ್ದು ಕಾಣುವುದು. ಎಲ್ಲರಿಗೂ ರೂಪಾಯಿಗೆ ಒಂದೇ ಆಣೆ. ಆದರೆ ಕಂದಾಯವು ಭೂಮಿಯ ಗುಣವನ್ನು ಅನುಸರಿಸುವುದು. ದಾರಿಯ ವೆಚ್ಚವು ದೂರವನ್ನು ಅನುಸರಿಸುವುದು. ಕೆರೆಯ ಕೆಳಗಿನ ಗದ್ದೆ, ತೆಂಗು, ಅಡಕೆಯ ತೋಟಗಳಿರುವ ದಕ್ಷಿಣದ ತಾಲ್ಲೂಕಿನಲ್ಲಿ ಹಳ್ಳಿಗಳು ಹತ್ತಿರ, ಕಂದಾಯ ಹೆಚ್ಚು. ರಾಗಿ, ಹುರುಳಿ ಬೆಳೆಯುವ ಪಾವಗಡದ ಹೊಲಗಳಲ್ಲಿ ಎಕರೆಯ ಕಂದಾಯ ಸ್ವಲ್ಪ, ಹಳ್ಳಿಯಿಂದ ಹಳ್ಳಿಗೆ ದೂರ ಬಹಳ. ಆದುದರಿಂದ ಒಂದು ಮೈಲಿ ದಾರಿಗೆ ಬೀಳುವ ಸೆಸ್ಸಿನ ಹಣವು ಎಲ್ಲಿ ದಾರಿಯ ಅವಶ್ಯಕತೆ ಹೆಚ್ಚೋ ಅಲ್ಲಿಯೇ ಕಡಮೆಯಾಗುತ್ತಿತ್ತು. ಜಿಲ್ಲೆಯ ಸಮಿತಿಯು ಈ ಕೊರತೆಯನ್ನು ತುಂಬಿಕೊಡಬಹುದಾಗಿತ್ತು. ಆದರೆ ಅದು ಕೂಡುತ್ತಿದ್ದುದು ತುಮಕೂರಿನಲ್ಲಿ. ಪಾವಗಡವು ಅಲ್ಲಿಗೆ ಅರವತ್ತು ಮೈಲಿಗೆ ಮಿಕ್ಕ ದೂರದಲ್ಲಿ, ಪರಸರ್ಕಾರದ ನೆಲದಾಚೆ ಇತ್ತು.

ಅಂದಿನ ರೈತರಿಗೆ ತಮ್ಮ ಕಷ್ಟವನ್ನು ಹೇಳಿಕೊಳ್ಳಲು ಒಂದು ಬಾಗಿಲು ತೆರೆದುದು ೧೮೮೧ರಲ್ಲಿ. ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ, ಒಂದೊಂದು ತಾಲ್ಲೂಕಿನಿಂದ ಒಬ್ಬಿಬ್ಬರು ಒಕ್ಕಲುಗಾರರನ್ನು ಆರಿಸಿ ಕಳುಹಿಸುವಂತೆ ಆಜ್ಞೆಯಾದುದು ಈ ಲೋಕಲ್ ಫಂಡ್ ಬೋರ್ಡುಗಳಿಗೇ. ಅದೇ ವರ್ಷ ಅಕ್ಟೋಬರ್ ೭ರಂದು ೧೪೪ ಮಂದಿ ಪ್ರತಿನಿಧಿಗಳು ಕೂಡಿದರು. ಮೈಸೂರಿನ ಪ್ರಾತಿನಿಧ್ಯದ ಮೊದಲ ಮೊಳಕೆಯು ರಸ್ತೆಯ ಸೆಸ್ಸಿನ ಸಮಿತಿಯಲ್ಲಿ ಒಡೆಯಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಆ ಸಭೆಗೆ ಬಂದವರು ಮಹಾಕ್ಷಾಮದಿಂದ ಉಳಿದವರು. ೧೮೭೧ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨, ೧೮೮೧ರಲ್ಲಿ ೪೧,೮೬,೧೮೮. ನಡುವೆ ೧೮೭೬-೭೮ರ ಕ್ಷಾಮ. ಮದರಾಸಿನಿಂದ ಬೆಂಗಳೂರಿಗೆ ೧೮೬೪ರಿಂದಲೇ ರೈಲಿತ್ತು. ಧಾನ್ಯವು ಬೆಂಗಳೂರಿಗೆ ಬಂದು ಬಿದ್ದಿತು. ಅಲ್ಲಿಂದ ಮುಂದೆ ಎತ್ತಿನ ಬಂಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಸತ್ತಿದ್ದವು. ಈ ಪೆಟ್ಟಿನಿಂದ ಎಚ್ಚೆತ್ತ ಸರ್ಕಾರವು ಸಾಲ ಮಾಡಿಯಾದರೂ ರೈಲು ಹಾಕಿಸುವ ನಿರ್ಧಾರಕ್ಕೆ ಬಂದಿತು. ಬೆಂಗಳೂರಿನಿಂದ ತುಮಕೂರಿಗೆ ೧೮೮೪ರಲ್ಲಿ ದಾರಿ ತೆರೆದು, ತಿಪಟೂರು, ಅರಸೀಕೆರೆಗಳ ಮೇಲೆ ೧೮೮೯ರ ಹೊತ್ತಿಗೆ ಹರಿಹರವನ್ನು ಮುಟ್ಟಿತು. ಮತ್ತೊಂದು ದಾರಿ ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮೇಲೆ ೧೮೯೩ರ ಹೊತ್ತಿಗೆ ಹಿಂದೂಪುರವನ್ನು ಸೇರಿತು. ನಮ್ಮ ನಾಲ್ಕು ತಾಲ್ಲೂಕುಗಳು ಈ ಎರಡು ಹಳಿಗಳ ನಡುವೆ, ಇಕ್ಕುಳದ ನಡುವಣ ಬಯಲಿನಂತೆ, ಹಳಿಯಿಲ್ಲದೆ ಉಳಿದವು.

ಇಲ್ಲಿಂದ ಮುಂದೆ ಎಲ್ಲೆಯ ತೊಡಕು ಇಮ್ಮಡಿಯಾಯಿತು. ಮಧುಗಿರಿಯವರಿಗೆ ಸಮೀಪದ ನಿಲ್ದಾಣ ಗೌರಿಬಿದನೂರು. ಅದು ಕೋಲಾರ ಜಿಲ್ಲೆಯದು. ಪಾವಗಡದವರಿಗೆ ಹಿಂದೂಪುರ, ಪೆನುಕೊಂಡಗಳು ಸಮೀಪ; ಅವು ಮದರಾಸಿನವು. ಅಲ್ಲಿ ೧೮೭೧ರ ಲೋಕಲ್ ಫಂಡ್ಸ್ ಶಾಸನ, ೧೮೮೪ರ ಲೋಕಲ್ ಬೋರ್ಡ್ಸ್ ಶಾಸನಗಳ ಪ್ರಕಾರ ಬೇರೆ ಬೋರ್ಡು, ಬೇರೆ ಸೆಸ್ಸು. ತುಮಕೂರಿನ ಸಮಿತಿಯು ಗಡಿಯವರೆಗೆ ರಸ್ತೆ ಮಾಡಿಸಿದರೂ, ಆಚೆಯವರು ಮುಂದುವರಿಸದಿದ್ದರೆ ಆ ರಸ್ತೆಯು ಹೊಲದಲ್ಲಿ ಕೊನೆಗಾಣುವುದು. ತಮ್ಮ ರೈತರ ಆಣೆಯನ್ನು ಪರಜಿಲ್ಲೆಯ ನಿಲ್ದಾಣದ ವ್ಯಾಪಾರ ಬೆಳೆಸುವುದಕ್ಕೆ ಹಾಕಲು ಯಾವ ಬೋರ್ಡಿಗೆ ತಾನೆ ಮನಸ್ಸು ಬಂದೀತು? ತಮ್ಮ ಜಿಲ್ಲೆಯ ನಿಲ್ದಾಣಕ್ಕೆ ಬರುವ ದಾರಿಯನ್ನೇ ಅವರು ಪೋಷಿಸುವುದು ಲೋಕರೂಢಿ. ಆದುದರಿಂದ ಕೊರಟಗೆರೆಯ ಮೇಲೆ ತುಮಕೂರಿಗೆ ಇಳಿಯುವ ದಾರಿಯು ಬಲವಾಯಿತು. ಶಿರೆಯಿಂದ ಮಧುಗಿರಿಯ ಮೇಲೆ ಮೂಡಲಿಗೆ ಹೋಗುವ ಹಳೆಯ ಸುಬಾದ ದಾರಿಯು ಬಡವಾಯಿತು. ಪಾವಗಡದ ರೈತನು ತನ್ನ ಸೆಸ್ಸನ್ನು ತುಮಕೂರಿಗೆ ಕೊಟ್ಟು, ತನ್ನ ಕಡಲೆಕಾಯಿಯನ್ನು ಹಿಂದೂಪುರದ ಕಡೆಗೆ ಹೊಡೆದುಕೊಂಡು ಹೋದನು.

ಮುಂದಿನ ಶಾಸನಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೦೨ರ ರೆಗ್ಯುಲೇಷನ್ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಯೂನಿಯನ್ ಪಂಚಾಯತಿಗಳೆಂಬ ಮೂರಂತಸ್ತುಗಳನ್ನು ಕಟ್ಟಿತು. ೧೯೧೮ರ ಶಾಸನವು ಚುನಾವಣೆಗೆ ಹೆಚ್ಚು ಎಡೆಕೊಟ್ಟಿತು. ೧೯೨೬ರ ಶಾಸನವು ತಾಲ್ಲೂಕು ಬೋರ್ಡುಗಳನ್ನು ತೆಗೆದುಹಾಕಿತು. ದೂರದ ತಾಲ್ಲೂಕುಗಳ ಮಟ್ಟಿಗೆ ಈ ಕೊನೆಯ ಬದಲಾವಣೆಯು ಲಾಭಕರವಾಗಿರಲಾರದೆಂದು ನನ್ನ ಊಹೆ. ತಾಲ್ಲೂಕು ಬೋರ್ಡಿನ ಗಂಟು ಎಷ್ಟೇ ಸಣ್ಣದಾದರೂ ಅದನ್ನು ಬಿಚ್ಚುವವರು ಆ ಊರಿನವರಾಗಿದ್ದರು.

ಸ್ಥಳೀಯ ಸಂಸ್ಥೆಗಳು ಮನಸ್ಸು ಮಾಡಿದರೆ ರೈಲನ್ನೂ ಹಾಕಿಸಬಲ್ಲವೆಂಬುದಕ್ಕೆ ಆ ಕಾಲದಲ್ಲಿ ದೃಷ್ಟಾಂತಗಳಿದ್ದವು. ತಂಜಾವೂರು ಜಿಲ್ಲಾ ಬೋರ್ಡಿನವರು ತಮ್ಮ ಸೆಸ್ಸಿನ ಹಣದಿಂದ ಮಾಯವರದಿಂದ ಮುತ್ತುಪೇಟೆಗೆ ಹಾಕಿಸಿದ ರೈಲುದಾರಿಯು ೧೮೯೪ರಲ್ಲಿ ತೆರೆಯಿತು. ನಮ್ಮಲ್ಲಿಯೇ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ೧೯೧೩ರಲ್ಲಿ ಎರಡೂವರೆ ಅಡಿಯ ಕಿರುಹಳಿಯು ಬಂದಿತು. ಅದಕ್ಕೆ ಕೋಲಾರ ಡಿಸ್ಟ್ರಿಕ್ಟ್ ಬೋರ್ಡು ರೈಲ್ವೆಯೆಂದೇ ಹೆಸರು. ಮಧುಗಿರಿಗೆ ಅ೦ಥದೊಂದು ಹಳಿ ಬರಲಿಲ್ಲ. ತುಮಕೂರು ಜಿಲ್ಲೆಯ ದಕ್ಷಿಣ ಪಶ್ಚಿಮಗಳ ತಾಲ್ಲೂಕುಗಳಿಗೆ ಆಗಲೇ ರೈಲಿದ್ದುದರಿಂದ, ಉತ್ತರದವರಿಗಾಗಿ ಇಡೀ ಜಿಲ್ಲೆಯ ಮೇಲೆ ಹೊಸ ಸೆಸ್ಸು ಹೊರಿಸುವ ಮಾತಿಗೆ ಬಲ ಬರುವುದು ಕಷ್ಟವಾಗಿತ್ತೆಂದು ತೋರುತ್ತದೆ.

ಅಷ್ಟರಲ್ಲಿ ಮೋಟಾರು ಬಂದಿತು. ಎತ್ತಿನ ಬಂಡಿಗೆ ಸಾಕಾಗಿದ್ದ ಕಂಕರೆಯ ರಸ್ತೆಯು ಅದರ ವೇಗವನ್ನು ತಡೆಯಲಾರದು. ೧೯೨೭ರಲ್ಲಿ ನೇಮಕವಾದ ಜಯಕರ್ ಸಮಿತಿಯು, ರಸ್ತೆಗಳ ಹೊರೆಯು ಸ್ಥಳೀಯ ಸಂಸ್ಥೆಗಳ ಶಕ್ತಿಯನ್ನು ಮೀರಿತೆಂದು ೧೯೨೮ರಲ್ಲಿ ವರದಿಮಾಡಿತು. ಅದರ ಫಲವಾಗಿ ೧೯೨೯ರಲ್ಲಿ ಪೆಟ್ರೋಲಿನ ಗ್ಯಾಲನ್ನಿಗೆ ಎರಡಾಣೆಯ ಹೆಚ್ಚಿನ ತೆರಿಗೆಯನ್ನು ಹಾಕಿ ಕೇಂದ್ರ ರಸ್ತೆನಿಧಿಯನ್ನು ಸ್ಥಾಪಿಸಿದರು. ಭೂಮಿಯ ಆಣೆಯು ಹೋಗಿ ಎಣ್ಣೆಯ ಆಣೆ ಬಂದಿತು. ಆದರೆ ಆ ಹಣವನ್ನು ಪೆಟ್ರೋಲು ಎಷ್ಟು ಖರ್ಚಾಯಿತೋ ಅಷ್ಟಕ್ಕೆ ಹಂಚುತ್ತಿದ್ದರು. ದಾರಿಯಿಲ್ಲದ ಕಡೆ ಮೋಟಾರಿಲ್ಲ, ಮೋಟಾರಿಲ್ಲದ ಕಡೆ ಪೆಟ್ರೋಲಿನ ಖರ್ಚಿಲ್ಲ. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯದೋಷವೆಂದು ಕರೆಯುವರು. ೧೯೪೩ರಲ್ಲಿ ನಾಗಪುರದಲ್ಲಿ ಕೂಡಿದ ಮುಖ್ಯ ಇಂಜಿನಿಯರುಗಳು ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ವಿಂಗಡಿಸಿದರು. ಅದು ಹೆಸರಿಗೆ ರಸ್ತೆಗಳ ವರ್ಗೀಕರಣವಾದರೂ, ಯಾವ ರಸ್ತೆಗೆ ಯಾರು ಹಣ ಕೊಡತಕ್ಕವರೆಂಬುದನ್ನೂ ಅದೇ ನಿಶ್ಚಯಿಸಿತು. ಶಿರೆಯ ದಾರಿಗೆ ಭಾರತ ಸರ್ಕಾರದ ಹಣವೂ, ಕೊರಟಗೆರೆ ಮಧುಗಿರಿಗಳ ಮೇಲೆ ಪಾವಗಡಕ್ಕೆ ಹೋಗುವ ದಾರಿಗೆ ರಾಜ್ಯದ ಹಣವೂ ಬರುವಂತಾದುದು ಇಂಥ ವಿಂಗಡಣೆಯಿಂದಲೇ.

ಸ್ವಾತಂತ್ರ್ಯವು ಬಂದ ಮೇಲೆ ೧೯೫೬ರಲ್ಲಿ ರಾಜ್ಯಗಳನ್ನು ಭಾಷಾನುಸಾರವಾಗಿ ಪುನಾರಚಿಸಿದಾಗ, ಕನ್ನಡಿಗರು ಅನೇಕರಿರುವ ಮಡಕಶಿರಾ ತಾಲ್ಲೂಕು ಆಂಧ್ರದಲ್ಲಿಯೇ ಉಳಿಯಿತು. ೧೯೫೯ರ ಶಾಸನವು ಹಳೆಯ ಜಿಲ್ಲಾ ಬೋರ್ಡುಗಳನ್ನು ಮುಗಿಸಿ ತಾಲ್ಲೂಕು ಅಭಿವೃದ್ಧಿ ಮಂಡಲಿಗಳನ್ನು ತಂದಿತು. ೧೯೮೩ರ ಶಾಸನದಂತೆ ೧೯೮೭ರಲ್ಲಿ ಜಿಲ್ಲಾ ಪರಿಷತ್ತುಗಳೂ, ೧೯೯೩ರ ಶಾಸನದಂತೆ ಈಗಿನ ಪಂಚಾಯತಿಗಳೂ ಬಂದವು. ೨೦೦೦ನೆಯ ಡಿಸೆಂಬರಿನಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಬಯಲುಸೀಮೆಯಲ್ಲಿ ೫೦೦ ಜನರಿಗೆ ಕಡಮೆಯಿಲ್ಲದ ಊರುಗಳಿಗೆ ಸರ್ವಋತು ರಸ್ತೆಯನ್ನು ವಿಧಿಸಿತು. ಶಿರಾ, ಮಧುಗಿರಿ, ಪಾವಗಡಗಳಲ್ಲಿ ಗೊಲ್ಲರಹಟ್ಟಿಗಳೂ ತಾಂಡಗಳೂ ಬಹಳ. ಅವುಗಳಲ್ಲಿ ಎಷ್ಟೋ ಈ ಸಂಖ್ಯೆಯನ್ನು ಮುಟ್ಟವು. ಹಿಂದೆ ಕಂದಾಯದ ಲೆಕ್ಕವು ಮಾಡಿದ ಕೆಲಸವನ್ನು ಇಲ್ಲಿ ತಲೆಯ ಲೆಕ್ಕವು ಮಾಡಿತು.

ಶಿರೆಯ ಅದೃಷ್ಟವು ಮಾತ್ರ ಒಂದು ಸುತ್ತು ತಿರುಗಿದಂತಿದೆ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗುವ ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿ (ಈಗ ೪೮) ಮತ್ತು ಹುಳಿಯಾರಿನಿಂದ ಬಂದು ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಮೇಲೆ ಮೂಡಲಿಗೆ ಹೋಗುವ ಹೆದ್ದಾರಿ (ಮೊದಲು ೨೩೪, ಈಗ ೬೯) ಎರಡೂ ಅಲ್ಲಿ ಕೂಡುತ್ತವೆ. ಲೋಕಲ್ ಫಂಡಿನ ಕಾಲದಲ್ಲಿ ಬಡವಾದ ಸುಬಾದ ದಾರಿಗೆ, ಜಿಲ್ಲೆಯ ಗಂಟನ್ನು ಮೀರಿದ ಗಂಟೊಂದು ಸಿಕ್ಕಿದ ಮೇಲೆ ಮರಳಿ ಜೀವ ಬಂದಿತು. ನೆಲವು ಅದೇ, ಬೆಟ್ಟಗಳೂ ಅವೇ.

ರೈಲಿನ ವಿಷಯದಲ್ಲಿಯೂ ಹೊಸ ಏರ್ಪಾಟೊಂದು ನಡೆಯಿತು. ತುಮಕೂರಿನಿಂದ ರಾಯದುರ್ಗಕ್ಕೆ ಸುಮಾರು ೨೦೭ ಕಿಲೋಮೀಟರಿನ ದಾರಿಗೆ ೨೦೦೭-೦೮ರಲ್ಲಿಯೂ, ತುಮಕೂರಿನಿಂದ ಶಿರೆಯ ಮೇಲೆ ಚಿತ್ರದುರ್ಗ, ದಾವಣಗೆರೆಗಳಿಗೆ ಹೋಗುವ ಸುಮಾರು ೨೦೦ ಕಿಲೋಮೀಟರಿನ ದಾರಿಗೆ ೨೦೧೧-೧೨ರಲ್ಲಿಯೂ ಮಂಜೂರಾತಿ ದೊರೆಯಿತು. ರೈಲ್ವೆಯು ಭಾರತ ಸರ್ಕಾರದ ಸ್ವತ್ತಾದರೂ, ಕರ್ನಾಟಕದೊಳಗಿನ ಭಾಗದ ವೆಚ್ಚದಲ್ಲಿ ಅರ್ಧವನ್ನು ರಾಜ್ಯವೇ ಹೊರುವ ಕರಾರಿನ ಮೇಲೆ ಇವು ಹುಟ್ಟಿದವು. ತಂಜಾವೂರಿನ ಬೋರ್ಡು ಸೆಸ್ಸಿನ ಕಾಲದಲ್ಲಿ ಮಾಡಿದುದನ್ನು ರಾಜ್ಯವು ಬೇರೊಂದು ರೂಪದಲ್ಲಿ ಮಾಡಿದಂತಾಯಿತು. ರಾಯದುರ್ಗದ ದಾರಿಯಲ್ಲಿ ಹಳಿಯು ಮೊದಲು ತೆರೆದುದು ಆಂಧ್ರದ ಕಡೆಯಿಂದ, ರಾಯದುರ್ಗಕ್ಕೂ ಕಲ್ಯಾಣದುರ್ಗಕ್ಕೂ ನಡುವೆ. ಮಧುಗಿರಿಯ ಭಾಗವು ಭೂಸ್ವಾಧೀನದ ತೊಡಕುಗಳಲ್ಲಿ ಹಿಂದೆ ಬಿದ್ದಿತು. ಈ ದಾರಿಯ ನಕ್ಷೆಯನ್ನು ನೋಡಿದರೆ ಅದು ತುಮಕೂರು, ಕೊರಟಗೆರೆ, ಮಧುಗಿರಿಗಳನ್ನು ದಾಟಿ, ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರೆಯ ಸೀಮೆಯನ್ನು ಹೊಕ್ಕು, ಪಾವಗಡದಲ್ಲಿ ಕರ್ನಾಟಕಕ್ಕೆ ಮರಳಿ, ಕಲ್ಯಾಣದುರ್ಗದ ಕಡೆಗೆ ಮತ್ತೆ ಆಂಧ್ರಕ್ಕೆ ಹೋಗುವುದು.